ಮನೆಯಲ್ಲೇ ಆಯಿಲ್ ಬದಲಿಸುವಾಗ ಲೋಹದ ಚೂರು ಸಿಕ್ಕಿದೆ, ಎಂಜಿನ್ ಬಿಚ್ಚಿಸಬೇಕಾ?

ಜೇವರ್ಗಿ_ಕ್ರಾಸ್ (ಕಲಬುರಗಿ)
ಎಲ್ಲರಿಗೂ ಶರಣು. ನನ್ನದು 125 ಸಿಸಿ ಬೈಕ್, ಏರ್ ಕೂಲ್ಡ್, ಮೂವತ್ತು ಸಾವಿರ ಕಿಮೀ ದಾಟಿದೆ. ಇಲ್ಲಿವರೆಗೂ ಮನೆ ಹತ್ತಿರದ ಗ್ಯಾರೇಜಿನಲ್ಲೇ ಆಯಿಲ್ ಹಾಕಿಸುತ್ತಿದ್ದೆ. ಈ ಸಲ ನಾನೇ ಮಾಡೋಣ ಅಂತ ಪಾನ, ಟ್ರೇ, ಹೊಸ ಆಯಿಲ್ ಎಲ್ಲ ತಂದುಕೊಂಡೆ.

ಹಳೇ ಎಣ್ಣೆ ಇಳಿಸುವ ಡ್ರೈನ್ ಬೋಲ್ಟ್ ಸಿಕ್ಕಾಪಟ್ಟೆ ಬಿಗಿ ಇತ್ತು. ಪಾನಕ್ಕೆ ಪೈಪ್ ಸಿಗಿಸಿ ತಿರುಗಿಸಿದ ಮೇಲೆ ಅಲುಗಿತು. ಹೊರಗೆ ಬರುವವರೆಗೂ ಕರಕರ ಅನ್ನುತ್ತಲೇ ಇತ್ತು. ಹಳೇ ಎಣ್ಣೆಯನ್ನು ಬಿಳಿ ಬಟ್ಟೆಯಲ್ಲಿ ಸೋಸಿದಾಗ ಎರಡು ತರಹದ್ದು ಸಿಕ್ಕಿತು. ಒಂದು, ಬೂದು ಬಣ್ಣದ ನುಣ್ಣನೆ ಪೇಸ್ಟ್. ಇನ್ನೊಂದು, ಬೆಳ್ಳಗೆ ಹೊಳೆಯುವ ಚೂರುಗಳು. ಅದರಲ್ಲಿ ಒಂದು ಸುರುಳಿ ಸುತ್ತಿಕೊಂಡಿದೆ, ಬಿಡಿಸಿದರೆ ಒಂದು ಸೆಂಟಿಮೀಟರ್ ಮೇಲೇ ಇರಬಹುದು.

ಗಾಡಿ ಇಲ್ಲಿವರೆಗೆ ಚೆನ್ನಾಗೇ ಓಡುತ್ತಿತ್ತು. ಹೊಸ ಆಯಿಲ್ ಇನ್ನೂ ಹಾಕಿಲ್ಲ. ಎಂಜಿನ್ ಬಿಚ್ಚಿಸಬೇಕಾ? ಸುಮ್ನೆ ಆಯಿಲ್ ಹಾಕಿ ಓಡಿಸಬಹುದಾ?

ಬಿಳಿ_ಜೋಳ (ಸೇಡಂ)
ಹೋಯ್ತು ಬಿಡ್ರಿ. ಗುಜರಿಗೆ ಹಾಕಿ.

ತೊಗರಿ_ಮಂಡಿ (ಕಲಬುರಗಿ)
@ಬಿಳಿ_ಜೋಳ ಯಾಕ್ರಿ ಹುಡುಗನನ್ನು ಹೆದರಿಸ್ತೀರಿ.

ಮೊದಲು ಇಷ್ಟು ಹೇಳಿ. ಚೂರುಗಳಿಗೆ ಮ್ಯಾಗ್ನೆಟ್ ಹಿಡಿಯುತ್ತದಾ? ಬಣ್ಣ ಬರೀ ಬೆಳ್ಳಗಾ, ತಾಮ್ರದ ಬಣ್ಣವೂ ಇದೆಯಾ? ಬೆರಳಲ್ಲಿ ತಿಕ್ಕಿದರೆ ಪೇಸ್ಟ್ ನುಣ್ಣಗಿದೆಯಾ, ಚುಚ್ಚುತ್ತದಾ? ಹಿಂದಿನ ಸಲ ಆಯಿಲ್ ಹಾಕಿಸಿ ಎಷ್ಟು ಓಡಿಸಿದ್ದೀರಿ? ಇದು ಗೊತ್ತಾಗದೆ ಯಾರು ಏನು ಹೇಳಿದರೂ ಅಂದಾಜೇ.

ಫುಲ್_ಥ್ರಾಟಲ್ (ಹುಮನಾಬಾದ್)
ಅಂದಾಜು ಏನು ಬಂತು? ಕಣ್ಣಿಗೆ ಕಾಣುವಷ್ಟು ದೊಡ್ಡ ಚೂರು ಬಂದರೆ ಗೇರ್ ಹಲ್ಲು ಮುರಿದಿದೆ ಅಂತಲೇ ಅರ್ಥ. ನಮ್ಮ ಗೆಳೆಯನ ಗಾಡಿಯಲ್ಲಿ ಹೀಗೇ ಆಗಿತ್ತು. ಆಯಿಲ್‌ನಲ್ಲಿ ಚೂರು ಬಂತು, ಓಡಿಸಿದ. ಆಮೇಲೆ ಎರಡನೇ ಗೇರ್ ನಿಲ್ಲಲಿಲ್ಲ, ತಾನೇ ಹೊರಗೆ ಜಿಗಿಯುತ್ತಿತ್ತು. ಬಿಚ್ಚಿಸಿದಾಗ ಗೇರ್‌ಗಳನ್ನು ಒಂದಕ್ಕೊಂದು ಕಚ್ಚಿಸುವ ಗೇರ್ ಡಾಗ್‌ನ ಮೂಲೆ ಹಾರಿಹೋಗಿತ್ತು, ಗೇರ್ ಸರಿಸುವ ಶಿಫ್ಟ್ ಫೋರ್ಕ್ ಸವೆದಿತ್ತು. ಖರ್ಚು ಡಬಲ್ ಆಯ್ತು. ಸುಮ್ನೆ ಈಗಲೇ ಎಂಜಿನ್ ಇಳಿಸಿ.

ಲೇತ್_ಕಾಕಾ (ಬೀದರ್)
ತಮ್ಮಾ, ಎಂಜಿನ್ ಇಳಿಸೋದು ಆಮೇಲೆ. ಮೊದಲು ಆ ಬೋಲ್ಟ್ ಕೈಯಲ್ಲಿ ಹಿಡಿದು ನೋಡು.

ಗೇರ್ ಮುರಿದರೆ ತುಂಡು ಬರುತ್ತದೆ, ಸುರುಳಿ ಬರಲ್ಲ. ಗೇರ್ ಅಂದರೆ ಗಟ್ಟಿ ಮಾಡಿದ ಉಕ್ಕು, ಅದು ಚೂಪಾಗಿ ಒಡೆಯುತ್ತದೆ. ಬೇರಿಂಗ್ ಕೆಟ್ಟರೆ ತೆಳು ಹೊಪ್ಪಳೆ ಏಳುತ್ತದೆ. ಸುರುಳಿ ಬರೋದು ಮೆತ್ತನೆ ಲೋಹವನ್ನು ಯಾವುದೋ ಗಟ್ಟಿ ಅಂಚು ಕೆತ್ತಿದಾಗ. ನಮ್ಮ ಲೇತ್ ಕೆಳಗೆ ದಿನಾ ಬುಟ್ಟಿ ತುಂಬ ಬೀಳೋದು ಅದೇ. ನಿನ್ನ ಎಂಜಿನ್ ಕೇಸ್ ಅಲ್ಯೂಮಿನಿಯಂ, ಬೋಲ್ಟ್ ಸ್ಟೀಲ್. ಬಿಚ್ಚುವಾಗ ಕರಕರ ಅಂತು ಅಂದೆಯಲ್ಲ, ಅಲ್ಲೇ ಉತ್ತರ ಇದೆ ಅನ್ನಿಸುತ್ತದೆ. ಬೋಲ್ಟಿನ ಥ್ರೆಡ್ ಸಂದಿಯಲ್ಲಿ ಬೆಳ್ಳನೆ ಲೋಹ ತುಂಬಿಕೊಂಡಿದೆಯಾ ನೋಡಿ ಹೇಳು.

ಜೇವರ್ಗಿ_ಕ್ರಾಸ್ (ಕಲಬುರಗಿ)
ಕಾಕಾ, ನೀವು ಹೇಳಿದ ಹಾಗೇ ಇದೆ! ಬೋಲ್ಟಿನ ಸಂದಿಯಲ್ಲಿ ಬೆಳ್ಳನೆ ತಂತಿ ಸುತ್ತಿದ ಹಾಗೆ ಅಂಟಿದೆ. ಪಿನ್ನಿನಿಂದ ಎಬ್ಬಿಸಿದರೆ ಬರುತ್ತಿದೆ.

ಹಳೇ ಸ್ಪೀಕರಿನ ಮ್ಯಾಗ್ನೆಟ್ ಹಿಡಿದು ನೋಡಿದೆ. ಬೂದು ಪೇಸ್ಟ್ ಪೂರ್ತಿ ಅಂಟಿತು. ಬೆರಳಿಗೆ ನುಣ್ಣಗಿದೆ. ಸುರುಳಿ ಮತ್ತು ಹೊಳೆಯುವ ಚೂರುಗಳು ಅಂಟಲಿಲ್ಲ. ತಾಮ್ರದ ಬಣ್ಣ ಎಲ್ಲೂ ಕಾಣಲಿಲ್ಲ. ಹಿಂದಿನ ಸಲ ಆಯಿಲ್ ಹಾಕಿಸಿ ನಾಲ್ಕು ಸಾವಿರದ ಹತ್ತಿರ ಓಡಿರಬಹುದು.

ಬಿಳಿ_ಜೋಳ (ಸೇಡಂ)
ಹಾಗಾದರೆ ಗುಜರಿ ಕ್ಯಾನ್ಸಲ್.

ಶೆಡ್_ನಿವೃತ್ತ (ಶಹಾಬಾದ್)
ನಾನು ರೈಲ್ವೆಯ ಡೀಸೆಲ್ ಲೋಕೋ ಶೆಡ್‌ನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಎಣ್ಣೆ ನೋಡಿ ಎಂಜಿನ್ ಹಣೆಬರಹ ಹೇಳೋದು ಅಲ್ಲಿ ದಿನದ ಕೆಲಸ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಲೋಕೋ ಎಂಜಿನ್‌ನ ಎಣ್ಣೆಯ ಸ್ಯಾಂಪಲ್ ತೆಗೆದು ಸ್ಪೆಕ್ಟ್ರೋಮೀಟರಿಗೆ ಕೊಡುತ್ತಿದ್ದೆವು. ಎಣ್ಣೆಯನ್ನು ಕಿಡಿಯಲ್ಲಿ ಸುಟ್ಟರೆ ಒಂದೊಂದು ಲೋಹ ಒಂದೊಂದು ತರಂಗದ ಬೆಳಕು ಕೊಡುತ್ತದೆ. ಅದನ್ನು ಅಳೆದು ಹತ್ತು ಲಕ್ಷದಲ್ಲಿ ಎಷ್ಟು ಭಾಗ ಕಬ್ಬಿಣ, ಎಷ್ಟು ತಾಮ್ರ ಅಂತ ಲೆಕ್ಕ ಬರುತ್ತದೆ. ತಾಮ್ರ, ಸೀಸ ಏರಿದರೆ ಬೇರಿಂಗ್ ಮೇಲೆ ಅನುಮಾನ. ಕಬ್ಬಿಣ ಏರಿದರೆ ಲೈನರ್, ರಿಂಗ್, ಗೇರ್. ಅಲ್ಯೂಮಿನಿಯಂ ಅಂದರೆ ಪಿಸ್ಟನ್ ಕಡೆ ನೋಡಬೇಕು. ಸಿಲಿಕಾನ್ ಏರಿದರೆ ಧೂಳು ಒಳಗೆ ಹೋಗುತ್ತಿದೆ ಅಂತ, ಏರ್ ಫಿಲ್ಟರ್ ಕಡೆ ಓಡಬೇಕು.

ಆದರೆ ಒಂದು ಮಾತು. ಆ ಮಷೀನ್‌ಗೆ ಕಾಣೋದು ಬಹಳ ಸಣ್ಣ ಕಣ ಮಾತ್ರ, ಹೆಚ್ಚೆಂದರೆ 5ರಿಂದ 10 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಅದಕ್ಕಿಂತ ದೊಡ್ಡದು ಸರಿಯಾಗಿ ಸುಡುವುದಿಲ್ಲ, ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಬರಿಗಣ್ಣಿಗೆ ಕಾಣೋದು ಸುಮಾರು 40–50 ಮೈಕ್ರಾನ್‌ನಿಂದ ಮೇಲೆ. ಹಾಗಾಗಿ ದೊಡ್ಡ ಚೂರಿಗೆ ಮಷೀನ್ ಬೇಡ. ಕಣ್ಣು, ಬೆರಳು, ಮ್ಯಾಗ್ನೆಟ್ ಸಾಕು. ನಮ್ಮ ಶೆಡ್‌ನಲ್ಲೂ ಫಿಲ್ಟರ್ ಬಿಚ್ಚಿ ಕಣ್ಣಲ್ಲಿ ನೋಡುವುದನ್ನು ಯಾವತ್ತೂ ಬಿಟ್ಟಿರಲಿಲ್ಲ.

ಇವರ ಬೂದು ಪೇಸ್ಟ್ ಮಾಮೂಲಿ ಸವೆತ. ಬೈಕ್‌ನಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಎಣ್ಣೆ. ಮೂರರ ಸವೆತವೂ ಅದರಲ್ಲೇ ಬರಬೇಕು. ನಾಲ್ಕು ಸಾವಿರ ಓಡಿದ ಎಣ್ಣೆಯಲ್ಲಿ ಅಷ್ಟು ಇಲ್ಲದಿದ್ದರೇ ಆಶ್ಚರ್ಯ.

ಸ್ಕೂಟರ್_ಸವಾರಿ (ಬೀದರ್)
ಅಂಕಲ್, ಒಳ್ಳೆ ಮಾಹಿತಿ. ನನ್ನದು ಗೇರ್‌ಲೆಸ್ ಸ್ಕೂಟರ್. ಅದಕ್ಕೂ ಇದೇ ಲೆಕ್ಕನಾ?

ಶೆಡ್_ನಿವೃತ್ತ (ಶಹಾಬಾದ್)
ಇಲ್ಲಮ್ಮಾ, ಸ್ವಲ್ಪ ಬೇರೆ. ಸ್ಕೂಟರಿನಲ್ಲಿ ಬೆಲ್ಟ್ ಮತ್ತು ಕ್ಲಚ್ ಎಣ್ಣೆಯಿಲ್ಲದೆ ಒಣಗಿಯೇ ಓಡುತ್ತವೆ. ಹಿಂದಿನ ಚಕ್ರದ ಗೇರ್‌ಗೆ ಬೇರೆ ಎಣ್ಣೆ. ಹಾಗಾಗಿ ಎಂಜಿನ್ ಆಯಿಲ್‌ನಲ್ಲಿ ಚೂರು ಬಂದರೆ "ಗೇರಿನದ್ದು ಇರಬಹುದು" ಅಂತ ಸಮಾಧಾನ ಮಾಡಿಕೊಳ್ಳಲು ಆಗುವುದಿಲ್ಲ. ಎಂಜಿನ್ನಿನದ್ದೇ.

ಫುಲ್_ಥ್ರಾಟಲ್ (ಹುಮನಾಬಾದ್)
ಎಲ್ಲರೂ ಬೋಲ್ಟ್ ಬೋಲ್ಟ್ ಅಂತಿದ್ದೀರಿ. ಮ್ಯಾಗ್ನೆಟ್‌ಗೆ ಅಂಟದ ಬೆಳ್ಳನೆ ಲೋಹ ಅಂದರೆ ಅಲ್ಯೂಮಿನಿಯಂ. ಪಿಸ್ಟನ್ನೂ ಅಲ್ಯೂಮಿನಿಯಂ ಅಲ್ವಾ? ನಮ್ಮ ಬಿಸಿಲಲ್ಲಿ ಮೇ ತಿಂಗಳಲ್ಲಿ ಪಿಸ್ಟನ್ ಹಿಡಿದುಕೊಂಡಿರಬಹುದು. ಅದನ್ನು ಹೇಗೆ ತಳ್ಳಿಹಾಕ್ತೀರಿ?

ಲೇತ್_ಕಾಕಾ (ಬೀದರ್)
ಪಿಸ್ಟನ್ ಸವೆದರೆ ಪುಡಿಯಾಗುತ್ತದೆ, ಇಲ್ಲಾ ಉಜ್ಜಿಕೊಂಡು ಮೆತ್ತಿಕೊಳ್ಳುತ್ತದೆ. ಸೆಂಟಿಮೀಟರ್ ಉದ್ದದ ಸುರುಳಿ ಸುತ್ತಿಕೊಂಡು ಕೆಳಗೆ ಬರಲ್ಲ. ಜೊತೆಗೆ ಹೊಗೆ ಬರುತ್ತದೆ, ಎಣ್ಣೆ ಕಡಿಮೆ ಆಗುತ್ತದೆ, ಪಿಕಪ್ ಬೀಳುತ್ತದೆ. ಹುಡುಗ ಚೆನ್ನಾಗೇ ಓಡುತ್ತಿತ್ತು ಅಂತಾನೆ. ಮೇಲಾಗಿ ಬೋಲ್ಟಿನ ಸಂದಿಯಲ್ಲಿ ಅದೇ ಲೋಹ ಸಿಕ್ಕಿದೆಯಲ್ಲಪ್ಪ, ಇನ್ನೇನು ಸಾಕ್ಷಿ ಬೇಕು?

ಫುಲ್_ಥ್ರಾಟಲ್ (ಹುಮನಾಬಾದ್)
ಬೋಲ್ಟ್ ಥ್ರೆಡ್ ಹೋಗಿದೆ, ಒಪ್ಪಿದೆ. ಅದರ ಜೊತೆ ಎಂಜಿನ್ ಕೂಡ ಹೋಗಿರಬಾರದು ಅಂತ ಕಾನೂನು ಇದೆಯಾ? 😄

ಮೇಷ್ಟ್ರು_ಯಾದಗಿರಿ (ಯಾದಗಿರಿ)
ಅಲ್ಯೂಮಿನಿಯಂ ಹೌದೋ ಅಲ್ಲವೋ ಖಾತ್ರಿ ಮಾಡಿಕೊಳ್ಳಲು ಒಂದು ಪರೀಕ್ಷೆ ಇದೆ. ಮ್ಯಾಗ್ನೆಟ್‌ಗೆ ಅಂಟದ್ದೆಲ್ಲ ಅಲ್ಯೂಮಿನಿಯಂ ಅಲ್ಲ. ತಾಮ್ರ, ಹಿತ್ತಾಳೆ, ಕೆಲವು ಜಾತಿ ಸ್ಟೇನ್‌ಲೆಸ್ ಸ್ಟೀಲ್ ಕೂಡ ಅಂಟುವುದಿಲ್ಲ. ಚೂರನ್ನು ಡೀಸೆಲ್‌ನಲ್ಲಿ, ಆಮೇಲೆ ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಗಾಜಿನ ಲೋಟದಲ್ಲಿ ಸ್ವಲ್ಪ ಕಾಸ್ಟಿಕ್ ಸೋಡಾ ದ್ರಾವಣ ತೆಗೆದುಕೊಂಡು ಚೂರು ಹಾಕಿ. ಅಲ್ಯೂಮಿನಿಯಂ ಆದರೆ ಗುಳ್ಳೆ ಏಳುತ್ತದೆ, ನಿಧಾನಕ್ಕೆ ಕರಗುತ್ತದೆ. ಉಕ್ಕು ಹಾಗೇ ಕೂತಿರುತ್ತದೆ.

ಆ ಗುಳ್ಳೆ ಹೈಡ್ರೋಜನ್. ಹತ್ತಿರ ಬೆಂಕಿ, ಬೀಡಿ ಏನೂ ಬೇಡ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಸೋಡಾಕ್ಕೆ ನೀರು ಸುರಿಯಬೇಡಿ, ನೀರಿಗೆ ಸೋಡಾ ಸ್ವಲ್ಪ ಸ್ವಲ್ಪ ಹಾಕಿ. ಮಕ್ಕಳಿದ್ದ ಮನೆಯಲ್ಲಿ ಇದನ್ನು ಮಾಡಲೇಬೇಡಿ.

ಬಿಳಿ_ಜೋಳ (ಸೇಡಂ)
ಆಯಿಲ್ ಚೇಂಜ್ ಮಾಡಲು ಹೋದವನು ಪಿಯುಸಿ ಪ್ರಾಕ್ಟಿಕಲ್ ಮುಗಿಸಿ ಬರುತ್ತಾನೆ.

ಕೋಟೆ_ಬಾಗಿಲು (ಬೀದರ್)
ಅಷ್ಟೂ ಲೋಹ ಕೂಡಿಡ್ರಿ, ನಮ್ಮೂರಿಗೆ ಕಳಿಸಿದರೆ ಬಿದರಿ ಹೂಜಿ ಮಾಡಿಸಿ ಕೊಡ್ತೀವಿ.

ಮೇಷ್ಟ್ರು_ಯಾದಗಿರಿ (ಯಾದಗಿರಿ)
ತಮಾಷೆಗೆ ಹೇಳಿದ್ದು ಗೊತ್ತು, ಆದರೂ ಹೇಳಿಬಿಡುತ್ತೇನೆ. ಬಿದರಿಗೆ ಬೇಕಾಗಿದ್ದು ಸತು, ಜೊತೆಗೆ ಸ್ವಲ್ಪ ತಾಮ್ರ. ಅಲ್ಯೂಮಿನಿಯಂ ಅಲ್ಲ.

ಕೋಟೆ_ಬಾಗಿಲು (ಬೀದರ್)
ಸರ, ಬೀದರಿನವರಿಗೇ ಬಿದರಿ ಪಾಠ! ಕಪ್ಪು ಮಾಡಲು ಕೋಟೆ ಮಣ್ಣು ಬೇಕು, ಅದು ನಮ್ಮ ಹತ್ತಿರವೇ ಇರೋದು, ನೆನಪಿರಲಿ 😀

ಧೂಳು_ದಾರಿ (ಚಿತ್ತಾಪುರ)
ಶೆಡ್ ಅಂಕಲ್ ಧೂಳಿನ ವಿಷಯ ತೆಗೆದರು. ಅದನ್ನು ಯಾರೂ ಹಿಡಿದುಕೊಳ್ಳಲಿಲ್ಲ. ವಾಡಿ, ಸೇಡಂ ಕಡೆ ದಿನಾ ಓಡಾಡುವವರನ್ನು ಕೇಳಿ. ಸಿಮೆಂಟ್ ಲಾರಿ ಹಿಂದೆ ಬಿದ್ದರೆ ಅಂಗಿ ಬಣ್ಣವೇ ಗೊತ್ತಾಗಲ್ಲ. ಏರ್ ಫಿಲ್ಟರ್ ಬಾಕ್ಸ್ ತೆಗೆದರೆ ಒಳಗೆ ಬಿಳಿ ಪುಡಿ. ಪುಸ್ತಕದಲ್ಲಿ ಬರೆದ ಕಿಮೀ ಲೆಕ್ಕ ನಮ್ಮ ಕಡೆ ನಡೆಯಲ್ಲ. ನಾನಂತೂ ಬೇಗನೇ ತೆಗೆದು ನೋಡುತ್ತೇನೆ. ಫಿಲ್ಟರ್ ಬಾಕ್ಸಿನ ರಬ್ಬರ್ ಸೀಲ್ ಸರಿಯಾಗಿ ಕೂತಿಲ್ಲ ಅಂದರೆ ಹೊಸ ಫಿಲ್ಟರ್ ಹಾಕಿದರೂ ದಂಡ. ಧೂಳು ಪಕ್ಕದಿಂದ ನುಗ್ಗುತ್ತದೆ, ರಿಂಗ್ ತಿನ್ನುತ್ತದೆ.

ತೊಗರಿ_ಮಂಡಿ (ಕಲಬುರಗಿ)
ಸರಿ ಮಾತು. ಕೆಲವರು ಪೇಪರ್ ಫಿಲ್ಟರನ್ನು ಗಾಳಿ ಹೊಡೆದು ಹೊಡೆದು ವರ್ಷಗಟ್ಟಲೆ ಓಡಿಸುತ್ತಾರೆ. ಜೋರು ಗಾಳಿಗೆ ಪೇಪರಿನಲ್ಲಿ ತೂತು ಬೀಳುತ್ತದೆ. ಅದು ಕಣ್ಣಿಗೆ ಕಾಣಲ್ಲ.

ಇಪ್ಪತ್ತು_ಡಬ್ಲ್ಯೂ (ಶಹಾಪುರ)
ಅದೆಲ್ಲ ಇರಲಿ, ಯಾವ ಆಯಿಲ್ ಹಾಕುತ್ತೀರಿ? 10ಡಬ್ಲ್ಯೂ30 ಗ್ರೇಡಿನ ಎಣ್ಣೆ ನೀರಿನ ಹಾಗೆ ಇರುತ್ತದೆ. ಯಾದಗಿರಿ ಬಿಸಿಲಿಗೆ ಅದು ಯಾವ ಮೂಲೆಗೂ ಸಾಲಲ್ಲ. ನಾನು ಟ್ರ್ಯಾಕ್ಟರಿಗೆ ತಂದ 20ಡಬ್ಲ್ಯೂ40 ಡಬ್ಬದಿಂದಲೇ ಬೈಕಿಗೂ ಹಾಕುತ್ತೇನೆ. ಏನೂ ಆಗಿಲ್ಲ.

ತೊಗರಿ_ಮಂಡಿ (ಕಲಬುರಗಿ)
ಅಣ್ಣಾ, ಎರಡು ವಿಷಯ ಕಲಸಿಬಿಟ್ಟಿರಿ. ಎರಡನೇ ಅಂಕಿ ಹೇಳೋದು 100 ಡಿಗ್ರಿಯಲ್ಲಿ ಎಣ್ಣೆ ಎಷ್ಟು ದಪ್ಪ ಅಂತ. ನಿಮ್ಮ ಅಂಗಳದ ಬಿಸಿಲು 44 ಡಿಗ್ರಿ. ಡಬ್ಬದಲ್ಲಿ ನೀರಿನ ಹಾಗೆ ಕಂಡರೆ ಎಂಜಿನ್ನಿಗೆ ಸಾಲಲ್ಲ ಅಂತ ಅಲ್ಲ. ಯಾವ ಗ್ರೇಡ್ ಅಂತ ಗಾಡಿಯ ಮ್ಯಾನ್ಯುಯಲ್ ಹೇಳುತ್ತದೆ. ಹಳೇ ಗಾಡಿಗಳಿಗೆ 20ಡಬ್ಲ್ಯೂ40 ಅಂತಲೇ ಬರೆದಿರೋದೂ ಉಂಟು. ಅಂಥದ್ದಕ್ಕೆ ಹಾಕಿ, ಬೇಡ ಅನ್ನಲ್ಲ.

ಟ್ರ್ಯಾಕ್ಟರ್ ಆಯಿಲ್ ಮಾತ್ರ ಬೇಡ. ಬೈಕ್ ಕ್ಲಚ್ ಎಣ್ಣೆಯಲ್ಲೇ ಮುಳುಗಿರುತ್ತದೆ. ಡಬ್ಬದ ಮೇಲೆ ಜಾಸೋ (ಜಪಾನಿನ ವಾಹನ ಮಾನದಂಡ) ಎಂಎ ಅಥವಾ ಎಂಎ2 ಅಂತ ಇರಬೇಕು. ಅದು ಕ್ಲಚ್ ಜಾರದ ಹಾಗೆ ಮಾಡಿದ ಎಣ್ಣೆ. ಎಂಬಿ ಅಂತ ಇದ್ದರೆ ಅದು ಸ್ಕೂಟರಿಗೆ.

ಇಪ್ಪತ್ತು_ಡಬ್ಲ್ಯೂ (ಶಹಾಪುರ)
ನನ್ನ ಕ್ಲಚ್ ಇವತ್ತಿಗೂ ಜಾರಿಲ್ಲ.

ತೊಗರಿ_ಮಂಡಿ (ಕಲಬುರಗಿ)
ಜಾರಿದ ದಿನ ಇಲ್ಲೇ ಬಂದು ಹೇಳಿ, ಬೈಯಲ್ಲ.

ಡೀಸೆಲ್_ದಾದಾ (ಭಾಲ್ಕಿ)
ಬೈಕ್ ಮಾತಿನ ನಡುವೆ ಕಾರಿನದ್ದು ಹೇಳುತ್ತೇನೆ. ನನ್ನ ಹಳೇ ಡೀಸೆಲ್ ಕಾರಿನ ಆಯಿಲ್ ತೆಗೆದಾಗ ತಾಮ್ರದ ಬಣ್ಣದ ಹೊಪ್ಪಳೆ ಕಂಡಿತು. ಮ್ಯಾಗ್ನೆಟ್‌ಗೆ ಅಂಟಲಿಲ್ಲ. ಫಿಲ್ಟರ್ ಕತ್ತರಿಸಿದರೆ ಮಡಿಕೆ ಮಡಿಕೆಯಲ್ಲೂ ಅದೇ. ಬೇರಿಂಗ್ ಶೆಲ್‌ಗಳಲ್ಲಿ ಮೇಲಿನ ಮೆತ್ತನೆ ಪದರ ಹೋದರೆ ಕೆಳಗಿನ ತಾಮ್ರದ ಪದರ ಹೊರಗೆ ಬರುತ್ತದೆ. ಅವತ್ತೇ ಗಾಡಿ ನಿಲ್ಲಿಸಿ, ಎಳೆಸಿಕೊಂಡು ಹೋದೆ. ಸೊಲ್ಲಾಪುರದಲ್ಲಿ ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ದಂಡ) ಸಾಣೆ ಹಿಡಿಸಿ ಓವರ್‌ಸೈಜ್... ಅಲ್ಲ, ಅಂಡರ್‌ಸೈಜ್ ಬೇರಿಂಗ್ ಹಾಕಿಸಿದೆ. ಇನ್ನೂ ಓಡುತ್ತಿದೆ. ಬಣ್ಣ ತಾಮ್ರ ಇದ್ದರೆ ಓಡಿಸಿಕೊಂಡು ಗ್ಯಾರೇಜಿಗೆ ಹೋಗೋದೂ ಬೇಡ.

ಇನ್ನೊಂದು, ಫಿಲ್ಟರನ್ನು ಹ್ಯಾಕ್ಸಾದಲ್ಲಿ ಕೊಯ್ಯಬೇಡಿ. ಹ್ಯಾಕ್ಸಾದ ಪುಡಿಯೇ ಒಳಗೆ ಬಿದ್ದು, ಎಂಜಿನ್ನಿನದ್ದು ಅಂತ ಗಾಬರಿ ಆಗುತ್ತೀರಿ. ಅದಕ್ಕೆ ಅಂತಲೇ ಕಟರ್ ಇರುತ್ತದೆ.

ಶೆಡ್_ನಿವೃತ್ತ (ಶಹಾಬಾದ್)
ದಾದಾ ಮಾಡಿದ್ದು ನೂರಕ್ಕೆ ನೂರು ಸರಿ.

ಜೇವರ್ಗಿ_ಕ್ರಾಸ್ (ಕಲಬುರಗಿ)
ಎಲ್ಲರಿಗೂ ಥ್ಯಾಂಕ್ಸ್ ರಿ. ಟಾರ್ಚ್ ಬಿಟ್ಟು ತೂತಿನ ಒಳಗೆ ನೋಡಿದೆ. ಮೊದಲ ಎರಡು ಮೂರು ಸುತ್ತು ಥ್ರೆಡ್ ಇಲ್ಲವೇ ಇಲ್ಲ, ನುಣ್ಣಗಾಗಿದೆ. ವಾಷರ್ ಕೂಡ ಚಪ್ಪಟೆಯಾಗಿ ಬೋಲ್ಟಿಗೇ ಅಂಟಿಕೊಂಡಿತ್ತು, ಎಷ್ಟೋ ಕಾಲದಿಂದ ಬದಲಿಸಿಲ್ಲ ಅನ್ನಿಸುತ್ತದೆ. ಗ್ಯಾರೇಜಿನಲ್ಲಿ ಪ್ರತಿ ಸಲ ಹಳೇ ವಾಷರ್ ಹಾಕಿ, ಸೋರಬಾರದು ಅಂತ ಇನ್ನೂ ಬಿಗಿ ಮಾಡಿರಬೇಕು. ಈಗ ಏನು ಮಾಡಲಿ? ಟೆಫ್ಲಾನ್ ಟೇಪ್ ಸುತ್ತಿ ಹಾಕಲಾ?

ಲೇತ್_ಕಾಕಾ (ಬೀದರ್)
ಟೆಫ್ಲಾನ್ ಟೇಪ್ ನಲ್ಲಿಗೆ, ಎಂಜಿನ್ನಿಗೆ ಅಲ್ಲ. ಟೇಪಿನ ಎಳೆ ಹರಿದು ಒಳಗೆ ಹೋದರೆ ಎಣ್ಣೆ ಸೋಸುವ ಜಾಲರಿಗೆ ಸಿಕ್ಕಿಕೊಳ್ಳುತ್ತದೆ.

ಫುಲ್_ಥ್ರಾಟಲ್ (ಹುಮನಾಬಾದ್)
ಓವರ್‌ಸೈಜ್ ಬೋಲ್ಟ್ ಸಿಗುತ್ತದೆ. ತಾನೇ ಥ್ರೆಡ್ ಕೊಯ್ದುಕೊಂಡು ಒಳಗೆ ಹೋಗುತ್ತದೆ. ಐದು ನಿಮಿಷದ ಕೆಲಸ.

ಲೇತ್_ಕಾಕಾ (ಬೀದರ್)
ಐದು ನಿಮಿಷದ ಕೆಲಸ ಹೌದು, ಆಮೇಲೆ ಐದು ವರ್ಷದ ತಲೆನೋವು. ಆ ಬೋಲ್ಟ್ ನೆಟ್ಟಗೆ ಹೋಗದಿದ್ದರೆ ವಾಷರ್ ಒಂದು ಕಡೆ ಕೂರುತ್ತದೆ, ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಕೇಸ್ ಬಿರುಕು ಬಿಟ್ಟದ್ದನ್ನೂ ನೋಡಿದ್ದೇನೆ. ಪ್ರತಿ ಸಲ ಬಿಚ್ಚಿದಾಗ ಮತ್ತಷ್ಟು ಕೆತ್ತುತ್ತದೆ.

ಹೆಲಿಕಾಯಿಲ್ ಹಾಕಿಸು. ಹಳೇ ಥ್ರೆಡ್ ಜಾಗವನ್ನು ಸ್ವಲ್ಪ ದೊಡ್ಡದು ಮಾಡಿ, ಹೊಸ ಥ್ರೆಡ್ ಹೊಡೆದು, ಸ್ಟೀಲ್ ಸುರುಳಿ ಕೂರಿಸುತ್ತಾರೆ. ಆಮೇಲೆ ನಿನ್ನ ಹಳೇ ಅಳತೆಯ ಬೋಲ್ಟೇ ನಡೆಯುತ್ತದೆ. ಅಲ್ಯೂಮಿನಿಯಂಗಿಂತ ಗಟ್ಟಿ. ಮಾಡುವವನಿಗೆ ಎರಡು ಮಾತು ಹೇಳು. ಥ್ರೆಡ್ ಕೊಯ್ಯುವ ಟ್ಯಾಪಿಗೆ ಗ್ರೀಸ್ ಮೆತ್ತಿ ನಿಧಾನಕ್ಕೆ ತಿರುಗಿಸಲಿ. ಚೂರೆಲ್ಲ ಗ್ರೀಸಿಗೆ ಅಂಟಿ ಹೊರಗೆ ಬರುತ್ತವೆ. ಮುಗಿದ ಮೇಲೆ ಬೋಲ್ಟ್ ಹಾಕುವ ಮೊದಲು ಮೇಲಿಂದ ಒಂದು 100–200 ಮಿಲೀ ಅಗ್ಗದ ಎಣ್ಣೆ ಸುರಿದು ತೊಳೆಯಲಿ. ಅದು ಟ್ರೇಯಲ್ಲಿ ಕ್ಲೀನ್ ಆಗಿ ಬರುವವರೆಗೂ ಬಿಡಬೇಡ.

ಬಿಗಿ ಮಾಡುವಾಗ ಟಾರ್ಕ್ ರೆಂಚ್ (ಬಿಗಿತ ಅಳೆಯುವ ಪಾನ) ಇದ್ದರೆ ಒಳ್ಳೇದು. ಸಣ್ಣ ಬೈಕ್‌ಗಳಿಗೆ 25–30 ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ, ನಿನ್ನ ಮ್ಯಾನ್ಯುಯಲ್‌ನಲ್ಲಿ ಸರಿಯಾದ ಅಂಕಿ ಇದೆ. ಪೈಪ್ ಸಿಗಿಸಿ ಬಿಗಿ ಮಾಡೋದು ಟ್ರ್ಯಾಕ್ಟರ್ ಚಕ್ರಕ್ಕೆ.

ತೊಗರಿ_ಮಂಡಿ (ಕಲಬುರಗಿ)
ಜೊತೆಗೆ ಆಯಿಲ್ ಜಾಲರಿಯನ್ನೂ ನೋಡಿಸಿ. ಬಹಳಷ್ಟು ಸಣ್ಣ ಬೈಕ್‌ಗಳಲ್ಲಿ ಪೇಪರ್ ಫಿಲ್ಟರ್ ಇರಲ್ಲ. ಪಂಪಿನ ಮೊದಲು ಒಂದು ತಂತಿ ಜಾಲರಿ, ಕ್ರ್ಯಾಂಕ್ ತುದಿಯಲ್ಲಿ ತಿರುಗುವ ಬಟ್ಟಲು ಇರುತ್ತದೆ. ಜೋರಾಗಿ ತಿರುಗುವಾಗ ಭಾರದ ಕೊಳೆ ಬಟ್ಟಲಿನ ಅಂಚಿಗೆ ಹೋಗಿ ಕೂರುತ್ತದೆ. ಬಲಗಡೆ ಕವರ್ ತೆಗೆದರೆ ಮಾತ್ರ ಸಿಗುತ್ತದೆ, ಅದಕ್ಕೇ ಯಾರೂ ಮುಟ್ಟಲ್ಲ. ಎಂಜಿನ್ ಕಥೆ ನಿಜವಾಗಿ ಬೇಕಿದ್ದರೆ ಅಲ್ಲಿದೆ.

ಸ್ಕೂಟರ್_ಸವಾರಿ (ಬೀದರ್)
ಆ ಹಳೇ ಎಣ್ಣೆ ಏನು ಮಾಡಿದಿರಿ? ಅದನ್ನು ಯಾರೂ ಕೇಳಲಿಲ್ಲ.

ಇಪ್ಪತ್ತು_ಡಬ್ಲ್ಯೂ (ಶಹಾಪುರ)
ಕೇಳೋದೇನಿದೆ? ಬಂಡಿ ಕೀಲಿಗೆ, ಬಾಗಿಲ ತಿರುಗಣಿಗೆ, ಬೇಲಿ ಗೂಟಕ್ಕೆ ಬಳಿಯಿರಿ. ಗೆದ್ದಲು ಹತ್ತಲ್ಲ. ನಮ್ಮ ಅಪ್ಪನ ಕಾಲದಿಂದ ಮಾಡ್ತಿದ್ದೀವಿ.

ಸ್ಕೂಟರ್_ಸವಾರಿ (ಬೀದರ್)
ಗೂಟದಿಂದ ಮಳೆಗೆ ತೊಳೆದು ಹೊಲಕ್ಕೇ ಹೋಗುತ್ತದೆ ಅಲ್ವಾ? ಅಲ್ಲಿಂದ ಬಾವಿಗೆ.

ಶೆಡ್_ನಿವೃತ್ತ (ಶಹಾಬಾದ್)
ಅಕ್ಕಾರು ಹೇಳಿದ್ದು ಸರಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಸುಟ್ಟ ಎಣ್ಣೆ ಚರ್ಮಕ್ಕೂ ಒಳ್ಳೆಯದಲ್ಲ, ಬರಿಗೈಯಲ್ಲಿ ಮುಟ್ಟುತ್ತಾ ಕೂರಬೇಡಿ. ಹೊಸ ಎಣ್ಣೆ ಬಂದ ಡಬ್ಬಕ್ಕೇ ತುಂಬಿ, ದೊಡ್ಡ ವರ್ಕ್‌ಶಾಪಿಗೆ ಕೊಡಿ. ಅವರ ಹತ್ತಿರ ಡ್ರಮ್ ಇರುತ್ತದೆ, ಮತ್ತೆ ಶುದ್ಧ ಮಾಡುವವರಿಗೆ ಹೋಗುತ್ತದೆ. ಚರಂಡಿಗೆ ಮಾತ್ರ ಬೇಡ.

ಜೇವರ್ಗಿ_ಕ್ರಾಸ್ (ಕಲಬುರಗಿ)
ಅಪ್‌ಡೇಟ್. ಕಪನೂರ ಕಡೆ ಒಬ್ಬ ಮಿಸ್ತ್ರಿ ಹೆಲಿಕಾಯಿಲ್ ಹಾಕಿಕೊಟ್ಟರು. ಕಾಕಾ ಹೇಳಿದ ಹಾಗೆ ಗ್ರೀಸ್ ಹಚ್ಚಿಯೇ ಮಾಡಿದರು, ನಾನು ಹೇಳುವ ಮೊದಲೇ. ಬಲಗಡೆ ಕವರ್ ತೆಗೆಸಿದೆ. ಬಟ್ಟಲಿನಲ್ಲಿ ಬೂದು ಕೆಸರು ಇತ್ತು, ಜಾಲರಿಯಲ್ಲಿ ಒಂದೆರಡು ಎಳೆ ಹಳೇ ಗ್ಯಾಸ್ಕೆಟ್ ಅಂಟು. ಲೋಹದ ಚೂರು ಒಂದೂ ಇಲ್ಲ. ಹೊಸ ಆಯಿಲ್ ಹಾಕಿ ಮುನ್ನೂರು ಕಿಮೀ ಹತ್ತಿರ ಓಡಿಸಿ ಮತ್ತೆ ಬಿಚ್ಚಿ ನೋಡಿದೆ. ಬಟ್ಟೆಯ ಮೇಲೆ ಏನೂ ಉಳಿಯಲಿಲ್ಲ. ಮ್ಯಾಗ್ನೆಟ್‌ಗೆ ತೆಳ್ಳಗೆ ಬೂದು ಬಣ್ಣ ಬಂತು, ಅಷ್ಟೇ.

ಫುಲ್_ಥ್ರಾಟಲ್ (ಹುಮನಾಬಾದ್)
ಒಳ್ಳೇದಾಯ್ತು. ಆದರೂ ಮುಂದಿನ ಸಲ ಗೇರ್ ಮೇಲೆ ಒಂದು ಕಣ್ಣಿಡಿ.

ಬಿಳಿ_ಜೋಳ (ಸೇಡಂ)
ಇವನಿಗೆ ಗೇರ್ ಮುರಿಯುವವರೆಗೂ ನಿದ್ದೆ ಬರಲ್ಲ.

ಹೊಸ_ಪಾನ (ಸುರಪುರ)
ನಾನೂ ಈ ಭಾನುವಾರ ಆಯಿಲ್ ಬದಲಿಸುವವನಿದ್ದೇನೆ. ಅಂಗಡಿಯಲ್ಲಿ ತಾಮ್ರದ ವಾಷರ್ ಇದೆ, ಅಲ್ಯೂಮಿನಿಯಂದು ಇಲ್ಲ ಅಂದರು. ತಾಮ್ರದ್ದು ಹಾಕಬಹುದಾ?

ಲೇತ್_ಕಾಕಾ (ಬೀದರ್)
ಹಾಕು. ಮೆತ್ತಗಿರಬೇಕು, ಒಳಗಿನ ಅಳತೆ ಬೋಲ್ಟಿಗೆ ಸರಿ ಇರಬೇಕು, ಅಷ್ಟೇ. ಬೋಲ್ಟ್ 12 ಮಿಮೀ ಇದ್ದರೆ 12ರದ್ದೇ ತಗೋ, 14ರದ್ದು ಕೊಟ್ಟರೆ ವಾಪಸ್ ಮಾಡು. ಬೋಲ್ಟನ್ನು ಮೊದಲ ಮೂರು ನಾಲ್ಕು ಸುತ್ತು ಬೆರಳಲ್ಲೇ ತಿರುಗಿಸು. ಬೆರಳಿಗೆ ಬರದಿದ್ದರೆ ಪಾನ ಹಚ್ಚಬೇಡ, ಬಿಚ್ಚಿ ಮತ್ತೆ ಶುರು ಮಾಡು.